ಬ್ರೇಕಿಗೆ ಬಲ ಕೊಡುವ ಗಾಳಿ

ನನ್ನ ಅಕ್ಕನ ಮಗ ಶಿಕಾರಿಪುರದಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಅಡಿಕೆ ತೋಟ ಇರುವುದು ಸೊರಬದಿಂದ ಚಂದ್ರಗುತ್ತಿಗೆ ಹೋಗುವ ದಾರಿಯಲ್ಲಿ. ಶಿರಾಳಕೊಪ್ಪದ ಮೇಲೆ ವಾರಕ್ಕೆ ಎರಡು ಮೂರು ಸಲ ಓಡಾಟ ಇದ್ದದ್ದೇ. ಇದಕ್ಕಾಗಿ ಅವನಲ್ಲಿ ಒಂದು ಹಳೆಯ ಪೆಟ್ರೋಲ್ ಕಾರು ಉಂಟು. ನಾಲ್ಕು ಜನ ಕುಳಿತು, ಹಿಂದೆ ಎರಡು ಚೀಲ ಗೊಬ್ಬರ ಹಾಕಿದರೆ ಏರಿನಲ್ಲಿ ಏದುಸಿರು ಬಿಡುತ್ತದೆ ಎಂಬುದು ಅವನ ದೂರು. ಹೊಸ ಕಾರಿಗೆ ಹಣ ಹೊಂದಿಸುವ ಬದಲು, ಯಾರದೋ ಮಾತು ಕೇಳಿ, ಒಂದು ವರ್ಕ್‌ಶಾಪಿನಲ್ಲಿ ಅದೇ ಎಂಜಿನಿಗೆ ಟರ್ಬೋ ಜೋಡಿಸಿಕೊಂಡು ಬಂದ. ಕಾರು ನಿಜಕ್ಕೂ ಚುರುಕಾಯಿತು. ಹದಿನೈದು ದಿನ ಅವನ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಹದಿನಾರನೆಯ ದಿನವೋ ಏನೋ, ಸಂಜೆ ಹೊತ್ತು, ತೋಟದ ಕಡೆಗೆ ಹೋಗುತ್ತಿದ್ದಾಗ ಒಂದು ಏರು ಬಂತು. ಹಿಂದಿನ ಸೀಟಿನಲ್ಲಿ ನನ್ನ ಅಕ್ಕನೂ ಅವಳ ಮೊಮ್ಮಗಳೂ ಇದ್ದರು. ಟರ್ಬೋ ಇದೆಯಲ್ಲ ಎಂಬ ಧೈರ್ಯದಲ್ಲಿ ಹುಡುಗ ಏರನ್ನು ಭರದಿಂದ ಹತ್ತಿಸಿದ. ಏರಿನ ತಲೆಯಲ್ಲಿ, ತಿರುವಿನಲ್ಲೇ, ಮನೆಗೆ ಮರಳುತ್ತಿದ್ದ ಎಮ್ಮೆಗಳ ಹಿಂಡು.

“ಬ್ರೇಕ್ ಒತ್ತಿದೆ ಮಾವ. ಕಲ್ಲಿನ ಮೇಲೆ ಕಾಲಿಟ್ಟ ಹಾಗಾಯ್ತು. ಪೆಡಲು ಒಳಗೇ ಹೋಗ್ಲಿಲ್ಲ. ಒಂದೇ ಗಳಿಗೆ, ಆಮೇಲೆ ತಾನೇ ಮೆತ್ತಗಾಯ್ತು” ಎಂದ ಅವನು. ಆ ಒಂದು ಗಳಿಗೆಯಲ್ಲಿ ಕಾರು ಎಮ್ಮೆಗಳನ್ನು ತಪ್ಪಿಸಿಕೊಂಡು ರಸ್ತೆಯ ಬದಿಯ ಚರಂಡಿಗೆ ಇಳಿದಿತ್ತು. ಅಕ್ಕನ ಹಣೆ ಊದಿಕೊಂಡಿತು, ಬಳೆ ಒಡೆದವು. ಮಗುವಿಗೆ ಏನೂ ಆಗಲಿಲ್ಲ.

ಮರುದಿನ ಕಾರನ್ನು ಅದೇ ವರ್ಕ್‌ಶಾಪಿಗೆ ಒಯ್ದರು. ಅಂಗಳದಲ್ಲಿ ನಾಲ್ಕು ಸುತ್ತು ಓಡಿಸಿ ನೋಡಿದರೆ ಬ್ರೇಕು ಬೆಣ್ಣೆಯ ಹಾಗಿದೆ! “ಬ್ರೇಕಿನಲ್ಲಿ ಏನೂ ಇಲ್ಲ ಸಾರ್, ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿರಬೇಕು” ಎಂದು ಅಲ್ಲಿ ತೀರ್ಪಾಯಿತು. ಪಾಪ, ಹುಡುಗ ತನ್ನ ಕಾಲನ್ನೇ ಸಂದೇಹಿಸತೊಡಗಿದ. ನಾನು ಮೆಕ್ಯಾನಿಕ್ಕಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಆದರೆ “ಒಂದು ಗಳಿಗೆ ಕಲ್ಲು, ಆಮೇಲೆ ಬೆಣ್ಣೆ” ಎಂಬ ಅವನ ಮಾತು ಸುಳ್ಳಿನಂತೆ ತೋರಲಿಲ್ಲ. ಸುಳ್ಳು ಹೇಳುವವನು ಬ್ರೇಕು ಹಿಡಿಯಲೇ ಇಲ್ಲ ಎನ್ನುತ್ತಿದ್ದನೇ ಹೊರತು, ಕ್ಷಣಮಾತ್ರ ಹಿಡಿಯಲಿಲ್ಲ ಎನ್ನುತ್ತಿರಲಿಲ್ಲ.

ಈಗಿನ ಕಾರುಗಳಲ್ಲಿ ನಾವು ಪೆಡಲನ್ನು ಮೆಲ್ಲಗೆ ಒತ್ತಿದರೆ ಸಾಕು, ಒಂದು ಟನ್ ತೂಕದ ಗಾಡಿ ನಿಲ್ಲುತ್ತದೆ. ಈ ಬಲ ಎಲ್ಲಿಂದ ಬಂತು? ಕಾಲಿನದು ಅದರಲ್ಲಿ ಸ್ವಲ್ಪ ಪಾಲು ಮಾತ್ರ. ಉಳಿದದ್ದು ನಮ್ಮ ತಲೆಯ ಮೇಲಿರುವ ಗಾಳಿಯದು. ಸಮುದ್ರದ ಮಟ್ಟದಲ್ಲಿ ವಾಯುಮಂಡಲದ ಒತ್ತಡ 760 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿಕಾರಿಪುರ, ಸೊರಬಗಳಲ್ಲಿ ಅದು 710 ಮಿಲಿಮೀಟರಿನ ಆಸುಪಾಸು ಇರುತ್ತದೆ. ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಹತ್ತಿರ ಹತ್ತಿರ ಒಂದು ಕಿಲೋಗ್ರಾಂ ಭಾರ. ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುವುದರಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಒಂದು ಕಡೆಯ ಗಾಳಿಯನ್ನು ತೆಗೆದುಬಿಟ್ಟರೆ ಮಾತ್ರ ಇನ್ನೊಂದು ಕಡೆಯದು ತನ್ನ ಬಲ ತೋರಿಸುತ್ತದೆ. ಜರ್ಮನಿಯ ಆಟೊ ಫಾನ್ ಗೆರಿಕೆ 1650ರ ದಶಕದಲ್ಲಿ ಎರಡು ತಾಮ್ರದ ಅರ್ಧಗೋಳಗಳನ್ನು ಕೂಡಿಸಿ ಒಳಗಿನ ಗಾಳಿ ತೆಗೆದು, ಎರಡು ಕಡೆಗೂ ಕುದುರೆಗಳ ಸಾಲು ಕಟ್ಟಿ ಎಳೆಸಿದನಷ್ಟೆ. ಕಾರಿನ ಬ್ರೇಕಿನಲ್ಲಿ ಇರುವುದೂ ಅದೇ ಬಲ.

ಕಾರಿನ ಮುಚ್ಚಳ ಎತ್ತಿದರೆ, ಚಾಲಕನ ಕಾಲಿನ ನೇರಕ್ಕೆ, ಸಣ್ಣ ಬಾಣಲೆ ಎರಡನ್ನು ಕವಿಚಿ ಕೂಡಿಸಿದಂಥ ಕರಿಯ ತಗಡಿನ ಡಬ್ಬಿ ಕಾಣುತ್ತದೆ. ಇದೇ ಸರ್ವೋ. ಮೆಕ್ಯಾನಿಕ್ಕುಗಳು ಬೂಸ್ಟರ್ ಎನ್ನುತ್ತಾರೆ. ಬೆಲ್ಜಿಯಂ ದೇಶದ ಆಲ್ಬರ್ಟ್ ದೆವಾಂದ್ರೆ ಎಂಬಾತ 1927ರ ಸುಮಾರಿಗೆ ಇಂಥದನ್ನು ರೂಢಿಗೆ ತಂದ. ಡಬ್ಬಿಯ ನಡುವೆ ಒಂದು ರಬ್ಬರಿನ ಪರದೆ. ಪೆಡಲು ಮುಟ್ಟದೆ ಇರುವಾಗ ಪರದೆಯ ಎರಡೂ ಕಡೆಯ ಗಾಳಿಯನ್ನು ಎಂಜಿನು ಹೀರಿ ತೆಗೆದಿರುತ್ತದೆ. ಪೆಡಲು ಒತ್ತಿದೊಡನೆ ಚಾಲಕನ ಕಡೆಯ ಕೋಣೆಗೆ ಹೊರಗಿನ ಗಾಳಿ ನುಗ್ಗುತ್ತದೆ, ಮುಂದಿನ ಕೋಣೆಯಲ್ಲಿ ಮಾತ್ರ ನಿರ್ವಾತ ಉಳಿದಿರುತ್ತದೆ. ಪರದೆ ಮುಂದಕ್ಕೆ ತಳ್ಳಲ್ಪಟ್ಟು, ಕಾಲಿನ ಜೊತೆಗೆ ತಾನೂ ಬ್ರೇಕನ್ನು ಒತ್ತುತ್ತದೆ. ಒಂಬತ್ತು ಅಂಗುಲ ವ್ಯಾಸದ ಪರದೆಯ ವಿಸ್ತಾರ ಸುಮಾರು 410 ಚದರ ಸೆಂಟಿಮೀಟರು. ಎಂಜಿನು 18 ಅಂಗುಲ ಪಾದರಸದಷ್ಟು ಹೀರಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 0.62 ಕಿಲೋಗ್ರಾಂ. ಗುಣಿಸಿ ನೋಡಿ, 250 ಕಿಲೋಗ್ರಾಮಿಗೂ ಹೆಚ್ಚು! ಎರಡೂವರೆ ಕ್ವಿಂಟಲು ಅಡಿಕೆಯ ಭಾರ ನಮ್ಮ ಕಾಲಿನ ಜೊತೆಗೆ ನಿಂತು ಒತ್ತಿದಂತೆ.

ಹಾಗಾದರೆ ಎಂಜಿನಿಗೆ ಹೀರುವ ಗುಣ ಎಲ್ಲಿಂದ ಬಂತು? ಪೆಟ್ರೋಲ್ ಎಂಜಿನಿನ ಗಾಳಿದಾರಿಯಲ್ಲಿ ಥ್ರಾಟಲ್ ಎಂಬ ಒಂದು ತಗಡಿನ ಬಾಗಿಲು ಉಂಟು. ನಾವು ಆಕ್ಸಿಲರೇಟರ್ ಒತ್ತುವುದೆಂದರೆ ಆ ಬಾಗಿಲನ್ನು ತೆರೆಯುವುದು. ಕಾಲು ತೆಗೆದರೆ ಬಾಗಿಲು ಮುಚ್ಚುತ್ತದೆ. ಆಗಲೂ ಸಿಲಿಂಡರುಗಳು ಗಾಳಿಗಾಗಿ ಬಾಯಿಬಿಡುತ್ತಲೇ ಇರುವುದರಿಂದ, ಬಾಗಿಲಿನ ಒಳಗಡೆಯ ಕೊಳವೆಯಲ್ಲಿ, ಅಂದರೆ ಮ್ಯಾನಿಫೋಲ್ಡಿನಲ್ಲಿ, ನಿರ್ವಾತ ಉಂಟಾಗುತ್ತದೆ. ಎಳನೀರಿನ ನಳಿಗೆಯ ತುದಿಯನ್ನು ಬೆರಳಿಂದ ಮುಚ್ಚಿ ಹೀರಿದಂತೆ. ಅಲ್ಲಿಂದ ಒಂದು ರಬ್ಬರ್ ಕೊಳವೆ ಸರ್ವೋ ಡಬ್ಬಿಗೆ ಹೋಗುತ್ತದೆ. ಬೇರೆ ಪಂಪು ಬೇಡ, ಬೇರೆ ಖರ್ಚಿಲ್ಲ. ಎಂಜಿನಿನ ಉಸಿರಿನಲ್ಲೇ ಬ್ರೇಕಿನ ಬಲ.

ಟರ್ಬೋ ಕೆಲಸ ಇದಕ್ಕೆ ನೇರ ತಿರುಗುಮುರುಗು. ಹೊಗೆಯ ರಭಸದಿಂದ ಒಂದು ಚಕ್ರ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಅದೇ ದಂಡದ ಮೇಲಿರುವ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಇದಕ್ಕೆ ಹಕ್ಕುಪತ್ರ ಪಡೆದಿದ್ದ. ಪೆಟ್ರೋಲ್ ಕಾರುಗಳಲ್ಲಿ ಮಾರಾಟಕ್ಕೆ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಟರ್ಬೋ ದುಡಿಯುವಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಇರುವುದಿಲ್ಲ. ಹೊರಗಿನದಕ್ಕಿಂತ ಹೆಚ್ಚಿನ ಒತ್ತಡ ಇರುತ್ತದೆ. ಹೀರುವ ಬಾಯಿ ಊದುವ ಬಾಯಿಯಾಯಿತು ಎನ್ನಿ. ಬ್ರೇಕಿನ ಡಬ್ಬಿಗೆ ಹೋಗುವ ಕೊಳವೆ ಅದೇ ಬಾಯಿಗೆ ಕಟ್ಟಿದೆಯಲ್ಲ!

ಇಲ್ಲಿ ಒಂದು ಪ್ರಶ್ನೆ ಏಳಬಹುದು, ನನಗೂ ಎದ್ದಿತು. ಬ್ರೇಕು ಒತ್ತುವವನು ಆಕ್ಸಿಲರೇಟರ್ ಬಿಟ್ಟಿರುತ್ತಾನೆ. ಬಿಟ್ಟೊಡನೆ ಥ್ರಾಟಲ್ ಮುಚ್ಚಿ ನಿರ್ವಾತ ಮರಳಿ ಬರಬೇಕಷ್ಟೆ? ನಿಜ, ಬರುತ್ತದೆ. ಟರ್ಬೋ ಹಾಕಿದ ಮಾತ್ರಕ್ಕೆ ಬ್ರೇಕು ಕೆಟ್ಟುಹೋಗುತ್ತದೆ ಎನ್ನುವವರ ಮಾತು ಸರಿಯಲ್ಲ. ಆದರೆ ಕಾಲು ಒಂದು ಪೆಡಲಿನಿಂದ ಇನ್ನೊಂದಕ್ಕೆ ಹೋಗುವ ಆ ಚೂರು ಹೊತ್ತಿನಲ್ಲಿ ಡಬ್ಬಿಯೊಳಗೆ ಏನಿರುತ್ತದೆ ಎಂಬುದು ಮುಖ್ಯ. ಅದನ್ನು ಕಾಯುವುದಕ್ಕೆಂದೇ ಕೊಳವೆಯ ನಡುವೆ ಒಂದು ಒಮ್ಮುಖ ಕವಾಟ ಇಟ್ಟಿರುತ್ತಾರೆ. ಡಬ್ಬಿಯಿಂದ ಎಂಜಿನಿನ ಕಡೆಗೆ ಗಾಳಿ ಹೋಗಬಹುದು, ಎಂಜಿನಿನಿಂದ ಡಬ್ಬಿಗೆ ಬರಕೂಡದು. ತೋಟದ ಪಂಪುಸೆಟ್ಟಿನವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಬಾವಿಯಲ್ಲಿ ಪೈಪಿನ ತುದಿಗೆ ಹಾಕುವ ಫುಟ್ ವಾಲ್ವ್ ಇದರ ಅಣ್ಣ. ಅದು ಸೋರಿದರೆ ಪೈಪಿನಲ್ಲಿ ನಿಂತ ನೀರು ಇಳಿದುಹೋಗಿ, ಬೆಳಿಗ್ಗೆ ಎದ್ದು ಮತ್ತೆ ನೀರು ತುಂಬಿ ಪಂಪು ಹಿಡಿಸಬೇಕಾಗುತ್ತದೆ. ಕಾರಿನಲ್ಲಿ ಹಾಗೆ ಹಿಡಿಸಿಕೊಳ್ಳಲು ವ್ಯವಧಾನವಿಲ್ಲ, ಎದುರಿಗೆ ಎಮ್ಮೆ ನಿಂತಿರುತ್ತದೆ.

ನಮ್ಮ ಹುಡುಗನ ಕಾರಿನಲ್ಲಿ ಕವಾಟ ಎಲ್ಲಿದೆ ಎಂದು ಹುಡುಕಿದೆವು. ಡಬ್ಬಿಯ ಮೇಲೂ ಇಲ್ಲ, ಕೊಳವೆಯ ಮೇಲೂ ಇಲ್ಲ. ಕೊಳವೆ ಮಾತ್ರ ಹೊಚ್ಚ ಹೊಸದು! ಟರ್ಬೋ ಬಂದ ಮೇಲೆ ಹಳೆಯ ಕೊಳವೆಯ ಉದ್ದ ಸಾಲದೆ ಹೋಗಿ ಬೇರೆಯದನ್ನು ಹಾಕಿದ್ದರು. ಹಳೆಯದು ಏನಾಯಿತು ಎಂದು ಕೇಳಿದಾಗ ಮೂಲೆಯ ರಾಶಿಯಿಂದ ತೆಗೆದುಕೊಟ್ಟರು. ಬೆರಳಿನಿಂದ ಒತ್ತುತ್ತ ಹೋದರೆ ನಡುವೆ ಒಂದು ಕಡೆ ಗಟ್ಟಿ ಗಂಟು. ಹಲವು ಕಾರುಗಳಲ್ಲಿ ಕವಾಟವನ್ನು ಕೊಳವೆಯ ಹೊಟ್ಟೆಯೊಳಗೇ ಹುದುಗಿಸಿ ಇಡುತ್ತಾರೆ, ಹೊರಗೆ ಒಂದು ಸಣ್ಣ ಬಾಣದ ಗುರುತು ಮಾತ್ರ ಇರುತ್ತದೆ. ಕೊಳವೆ ಎಂದರೆ ಕೊಳವೆ ಎಂದುಕೊಂಡು ಕವಾಟವನ್ನೂ ಅದರ ಜೊತೆಗೆ ಎಸೆದಿದ್ದರು. ದುರುದ್ದೇಶ ಯಾರದೂ ಅಲ್ಲ.

ಇನ್ನು ಆ ಸಂಜೆ ನಡೆದದ್ದನ್ನು ಲೆಕ್ಕ ಹಾಕಿ ನೋಡೋಣ. ಏರು ಹತ್ತುವಾಗ ಟರ್ಬೋ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಮಿನಷ್ಟು ಹೆಚ್ಚಿನ ಒತ್ತಡ ಕೊಡುತ್ತಿತ್ತು ಎಂದಿಟ್ಟುಕೊಳ್ಳಿ. ಕವಾಟ ಇಲ್ಲದ್ದರಿಂದ ಅದು ನೇರವಾಗಿ ಡಬ್ಬಿಗೆ ಹೋಗಿ ತುಂಬಿತು. ಪೆಡಲು ಒತ್ತಿದಾಗ ಚಾಲಕನ ಕಡೆ ಬರಿಯ ಹೊರಗಾಳಿ, ಮುಂದುಗಡೆ ಒತ್ತಿ ತುಂಬಿದ ಗಾಳಿ. 410ರ ಅರ್ಧ ಎಂದರೆ ಇನ್ನೂರು ಕಿಲೋಗ್ರಾಂ. ನೆರವಿಗೆ ಬರಬೇಕಾಗಿದ್ದ ಪರದೆ ಅಷ್ಟು ಬಲದಿಂದ ಅವನ ಕಾಲಿಗೆ ಎದುರು ನಿಂತಿತು. ಥ್ರಾಟಲ್ ಮುಚ್ಚಿ, ಎಂಜಿನು ಡಬ್ಬಿಯ ಗಾಳಿಯನ್ನು ಹೀರಿ ಮುಗಿಸಲು ಒಂದು ಸೆಕೆಂಡೋ ಒಂದೂವರೆಯೋ ಬೇಕಾಯಿತು. ಗಂಟೆಗೆ 60 ಕಿಲೋಮೀಟರ್ ಓಟದಲ್ಲಿ ಕಾರು ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಹೋಗುತ್ತದೆ. ನಾಲ್ಕು ಕಾರು ಸಾಲಾಗಿ ನಿಂತಷ್ಟು ದೂರ! ಆಮೇಲೆ ಪೆಡಲು ಬೆಣ್ಣೆಯಾಯಿತು. ವರ್ಕ್‌ಶಾಪಿನ ಅಂಗಳದಲ್ಲಿ ಟರ್ಬೋ ಏಳುವಷ್ಟು ಓಡಿಸಲು ಜಾಗವೇ ಇಲ್ಲ. ಆದ್ದರಿಂದ ಅಲ್ಲಿ ಬ್ರೇಕು ಯಾವಾಗಲೂ ಬೆಣ್ಣೆಯೇ. ಹುಡುಗ ಹೇಳಿದ್ದೂ ನಿಜ, ಮೆಕ್ಯಾನಿಕ್ಕು ಕಂಡದ್ದೂ ನಿಜ.

ಕವಾಟ ಒಂದಿದ್ದರೆ ಎಲ್ಲ ಸರಿ ಎನ್ನುವಂತೆಯೂ ಇಲ್ಲ. ಹೀರುವಾಗ ಕೊಳವೆ ತಾನಾಗಿ ಮೂತಿಗೆ ಅಂಟಿಕೊಳ್ಳುತ್ತದೆ. ಊದುವಾಗ ಕಳಚಿಕೊಳ್ಳಲು ನೋಡುತ್ತದೆ. ಹಿಂದೆ ಕ್ಲಿಪ್ಪಿಲ್ಲದೆ ನಡೆದಿದ್ದ ಕಡೆ ಈಗ ಕ್ಲಿಪ್ಪು ಬೇಕು. ಕೊಳವೆ ಎಂದರೆ ಪೆಟ್ರೋಲಿನ ಆವಿಗೂ ಎಣ್ಣೆಗೂ ಉಬ್ಬದಂಥದು, ಹೀರಿದಾಗ ಚಪ್ಪಟೆಯಾಗದಂಥದು ಆಗಿರಬೇಕು. ಕೊಳವೆಯನ್ನು ಎಲ್ಲಿಂದ ತೆಗೆಯಬೇಕು ಎಂಬುದರಲ್ಲೂ ತಪ್ಪುವುದುಂಟು. ಥ್ರಾಟಲಿನ ಒಳಗಡೆ ಮ್ಯಾನಿಫೋಲ್ಡಿನಿಂದಲೇ ತೆಗೆಯಬೇಕು. ಟರ್ಬೋಗೂ ಥ್ರಾಟಲಿಗೂ ನಡುವಿನ ಪೈಪಿನಿಂದ ತೆಗೆದರೆ ಅಲ್ಲಿ ನಿರ್ವಾತ ಯಾವ ಹೊತ್ತಿಗೂ ಹುಟ್ಟುವುದಿಲ್ಲ. ಇನ್ನು ಕೆಲವರು ಬೂಸ್ಟ್ ತೋರಿಸುವ ಗಡಿಯಾರಕ್ಕೂ ಇನ್ನೊಂದಕ್ಕೂ ಈ ಬ್ರೇಕಿನ ಕೊಳವೆಯಿಂದಲೇ ಕವಲು ತೆಗೆಯುತ್ತಾರೆ. ಒಂದು ಕವಲು ಸೋರಿದರೆ ಬ್ರೇಕಿನ ಬಲವೇ ಸೋರಿತು. ಅಂದ ಹಾಗೆ, ಟರ್ಬೋ ಕೊಡುವುದಕ್ಕೆ ಬೂಸ್ಟ್ ಎಂದೂ ಬ್ರೇಕಿನ ಡಬ್ಬಿಗೆ ಬೂಸ್ಟರ್ ಎಂದೂ ಹೆಸರಿಟ್ಟ ಪುಣ್ಯಾತ್ಮರು ಯಾರೋ, ಒಂದನ್ನು ಇನ್ನೊಂದಕ್ಕೆ ಜೋಡಿಸಿದರೆ ಒಳ್ಳೆಯದೇ ಇರಬೇಕು ಎಂದು ತಿಳಿದ ಗ್ರಾಹಕರೊಬ್ಬರನ್ನು ನಾನೇ ಕಂಡಿದ್ದೇನೆ!

ಘಟ್ಟದ ಮಾತು ಬೇರೆಯೇ. ಸೊರಬದವರು ಸಿದ್ದಾಪುರ, ಮಾವಿನಗುಂಡಿ ದಾಟಿ, ಗೇರುಸೊಪ್ಪೆಯ ಘಟ್ಟ ಇಳಿದು ಹೊನ್ನಾವರಕ್ಕೋ ಇಡಗುಂಜಿಗೋ ಹೋಗುವುದುಂಟು. ಮರಳಿ ಬರುವಾಗ ಸಮುದ್ರದ ಮಟ್ಟದಿಂದ ಹಲವು ನೂರು ಮೀಟರ್ ಏರು. ಏರಿನ ಉದ್ದಕ್ಕೂ ಟರ್ಬೋ ಒತ್ತುತ್ತಿರುತ್ತದೆ, ತಿರುವು ತಿರುವಿಗೂ ಬ್ರೇಕು ಬೀಳುತ್ತದೆ, ಕಾಲು ಆಕ್ಸಿಲರೇಟರಿನಿಂದ ಪೂರ್ತಿ ಬಿಡುವುದು ಅಲ್ಪಸ್ವಲ್ಪ ಹೊತ್ತು. ಡಬ್ಬಿಯಲ್ಲಿರುವ ನಿರ್ವಾತ ಎರಡು ಮೂರು ಒತ್ತಿಗೆ ಆಗುವಷ್ಟು ಮಾತ್ರ. ಪ್ರತಿ ಒತ್ತಿಗೂ ಅದರಲ್ಲಿ ಖರ್ಚುಂಟು. ಕವಾಟ ಸ್ವಲ್ಪ ಸೋರಿದರೂ ಖರ್ಚು ಹೆಚ್ಚು, ಜಮೆ ಕಡಿಮೆ. ಇದಕ್ಕೆ ಕೆಲವರು ಕವಾಟದ ಜೊತೆಗೆ ಕೆಲವು ಲೀಟರಿನ ಒಂದು ಖಾಲಿ ಟ್ಯಾಂಕು ಇಟ್ಟು ನಿರ್ವಾತವನ್ನು ದಾಸ್ತಾನು ಮಾಡುತ್ತಾರೆ. ಇನ್ನೂ ಒಳ್ಳೆಯದೆಂದರೆ ಎಂಜಿನಿನ ಉಸಿರನ್ನು ನಂಬದೆ ಬೇರೆಯೇ ಒಂದು ನಿರ್ವಾತ ಪಂಪು ಇಡುವುದು, ಎಂಜಿನಿನಿಂದ ತಿರುಗುವಂಥದೋ ವಿದ್ಯುತ್ತಿನಿಂದ ತಿರುಗುವಂಥದೋ.

ಡೀಸೆಲ್ ಗಾಡಿಗಳಲ್ಲಿ ಇದು ಮೊದಲಿನಿಂದ ಬಂದ ಪದ್ಧತಿ. ಡೀಸೆಲ್ ಎಂಜಿನಿಗೆ ಪೆಟ್ರೋಲಿನದರಂತೆ ಗಾಳಿಯನ್ನು ಅಡ್ಡಗಟ್ಟಿ ವೇಗ ಹಿಡಿಯುವ ಕ್ರಮವಿಲ್ಲ. ಆದುದರಿಂದ ನಿರ್ವಾತ ತಾನಾಗಿ ಹುಟ್ಟುವುದಿಲ್ಲ. ಹಳೆಯ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಒಂದು ಪುಟ್ಟ ಪಂಪು ಕಟ್ಟಿರುವುದನ್ನು ನೋಡಬಹುದು. ಎಂಜಿನಿನ ಎಣ್ಣೆಯೇ ಅದಕ್ಕೂ ಹೋಗುತ್ತದೆ. ಬೆಲ್ಟು ಹರಿದರೆ ಬ್ಯಾಟರಿಯ ದೀಪ ಹೊತ್ತುವುದಷ್ಟೇ ಅಲ್ಲ, ಬ್ರೇಕಿನ ಬಲವೂ ಹೋಗುತ್ತದೆ ಎಂಬುದು ಅಂಥ ಗಾಡಿಯವರಿಗೆ ನೆನಪಿರಲಿ. ನಮ್ಮ ಬಸ್ಸು ಲಾರಿಗಳದು ಬೇರೆ ಸಂಸಾರ. ಅಲ್ಲಿ ನಿರ್ವಾತವಿಲ್ಲ, ಒತ್ತಿ ಟ್ಯಾಂಕಿನಲ್ಲಿ ತುಂಬಿದ ಗಾಳಿಯೇ ಬ್ರೇಕು ಹಾಕುತ್ತದೆ. ನಿಲ್ದಾಣದಲ್ಲಿ ಕೇಳಿಸುವ ಆ “ಪುಸ್” ಅದರದೇ.

ಹಿಂದಿನ ರೈಲುಗಾಡಿಯಲ್ಲಂತೂ ನಿರ್ವಾತವನ್ನು ಇದಕ್ಕಿಂತ ಜಾಣತನದಿಂದ ಬಳಸಿದ್ದರು. ಶಿವಮೊಗ್ಗ–ತಾಳಗುಪ್ಪ ದಾರಿ 2011ರ ವೇಳೆಗೆ ಬ್ರಾಡ್ ಗೇಜ್ ಆಯಿತು. ಅದಕ್ಕೆ ಮುಂಚಿನ ಮೀಟರ್ ಗೇಜಿನ ಕಾಲದಲ್ಲಿ ಉಗಿಬಂಡಿಯ ಹಿಂದಿನ ಡಬ್ಬಿಗಳನ್ನು ಕಂಡವರಿಗೆ ಡಬ್ಬಿಯಿಂದ ಡಬ್ಬಿಗೆ ಜೋಡಿಸಿದ ದಪ್ಪ ರಬ್ಬರ್ ಕೊಳವೆ ನೆನಪಿರಬಹುದು. ಅದರೊಳಗೆ ಇದ್ದದ್ದು ನಿರ್ವಾತ. ಆದರೆ ಅಲ್ಲಿ ನಿರ್ವಾತ ಇದ್ದರೆ ಬ್ರೇಕು ಸಡಿಲ, ಹೋದರೆ ಬಿಗಿ. ಕೊಳವೆ ಕಿತ್ತುಹೋದರೆ ಗಾಡಿ ತಾನಾಗಿ ನಿಲ್ಲುತ್ತಿತ್ತು. ಕಾರಿನಲ್ಲಿ ಹಾಗಲ್ಲ, ನಿರ್ವಾತ ಹೋದರೆ ನೆರವು ಹೋಯಿತು, ಉಳಿದದ್ದು ನಿಮ್ಮ ಕಾಲು ಮಾತ್ರ.

ಕಾರ್ಖಾನೆಯಿಂದಲೇ ಟರ್ಬೋ ಜೊತೆಗೆ ಬರುವ ಪೆಟ್ರೋಲ್ ಕಾರುಗಳು ನಮ್ಮಲ್ಲಿ ಈಚಿನ ವರ್ಷಗಳಲ್ಲಿ ಹೆಚ್ಚಾಗಿವೆ. ಅವುಗಳಲ್ಲಿ ಅನೇಕಕ್ಕೆ ನಿರ್ವಾತ ಪಂಪನ್ನು ಮೊದಲೇ ಇಟ್ಟಿರುತ್ತಾರೆ. ಅದೂ ಯಂತ್ರವೇ, ಕೈಕೊಡಬಹುದು. 2017ರಲ್ಲಿ ಮಾರುಕಟ್ಟೆಗೆ ಬಂದ ಬಲೆನೊ ಆರ್.ಎಸ್. ಎಂಬ ಟರ್ಬೋ ಕಾರನ್ನು 2023ರ ಏಪ್ರಿಲಿನಲ್ಲಿ ಮಾರುತಿ ಸುಜುಕಿ ಕಂಪನಿ ತಪಾಸಣೆಗೆ ಹಿಂದಕ್ಕೆ ಕರೆಯಿತು. 2016ರ ಅಕ್ಟೋಬರ್ 27ರಿಂದ 2019ರ ನವೆಂಬರ್ 1ರವರೆಗೆ ತಯಾರಾದ 7,213 ಕಾರುಗಳು. ಬ್ರೇಕಿಗೆ ನೆರವಾಗುವ ನಿರ್ವಾತ ಪಂಪಿನಲ್ಲಿ ದೋಷವಿರಬಹುದು, ಹಾಗಿದ್ದರೆ ಪೆಡಲನ್ನು ಹೆಚ್ಚು ಬಲದಿಂದ ಒತ್ತಬೇಕಾದೀತು ಎಂದು ಕಂಪನಿಯೇ ಪ್ರಕಟಿಸಿತು. ತಾನಾಗಿ ಹೇಳಿ ಕರೆದದ್ದು ಮೆಚ್ಚಬೇಕಾದ ಮಾತು. ಊರಿನ ಮೂಲೆಯಲ್ಲಿ ಜೋಡಿಸಿಕೊಂಡ ಟರ್ಬೋವನ್ನು ಹೀಗೆ ಹಿಂದಕ್ಕೆ ಕರೆಯುವವರು ಯಾರೂ ಇಲ್ಲ.

ಮನೆಯವರೇ ಮಾಡಿ ನೋಡಬಹುದಾದ ಪರೀಕ್ಷೆಗಳೂ ಇವೆ. ಎಂಜಿನ್ ನಿಲ್ಲಿಸಿ, ಸಮತಟ್ಟು ನೆಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಪೆಡಲನ್ನು ಐದಾರು ಸಲ ಒತ್ತಿ ಬಿಡಿ. ಅದು ಗಟ್ಟಿಯಾಗಬೇಕು. ಗಟ್ಟಿಯಾದ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಎಂಜಿನ್ ಚಾಲೂ ಮಾಡಿದರೆ ಪೆಡಲು ತುಸು ಕೆಳಗೆ ಜಾರಬೇಕು. ಜಾರಿದರೆ ಡಬ್ಬಿ ಕೆಲಸ ಮಾಡುತ್ತಿದೆ. ಬಳಿಕ ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಒತ್ತಿ. ಮೊದಲ ಒತ್ತು ಮೆತ್ತಗೆ, ಮುಂದಿನದು ಸ್ವಲ್ಪ ಗಟ್ಟಿ, ಅದರ ಮುಂದಿನದು ಇನ್ನೂ ಗಟ್ಟಿ ಎಂದಿದ್ದರೆ ಕವಾಟ ಹಿಡಿದಿದೆ. ಮೊದಲನೆಯದೇ ಗಟ್ಟಿಯಾದರೆ ಕವಾಟವೋ ಕೊಳವೆಯೋ ಸೋರುತ್ತಿದೆ. ಬಿಚ್ಚಿದ ಕವಾಟವನ್ನು ಒರೆಸಿ ಬಾಯಿಂದ ಊದಿ ನೋಡಿದರೂ ತಿಳಿಯುತ್ತದೆ, ಒಂದು ಕಡೆಯಿಂದ ಉಸಿರು ಹೋಗಬೇಕು, ಇನ್ನೊಂದು ಕಡೆಯಿಂದ ಹೋಗಕೂಡದು.

ಓಡಿಸುವಾಗ ಪೆಡಲು ಕಲ್ಲಾದರೆ ಏನು ಮಾಡಬೇಕು? ಬ್ರೇಕು ಹೋಯಿತು ಎಂದು ಕಾಲು ತೆಗೆಯಬಾರದು. ಬ್ರೇಕು ಹೋಗಿಲ್ಲ, ಹೋದದ್ದು ನೆರವು ಮಾತ್ರ. ಪೆಡಲಿನ ಕೊಂಡಿ ಡಬ್ಬಿಯ ನಡುವೆ ಹಾದು ಮುಂದಿನ ಬ್ರೇಕಿನ ಎಣ್ಣೆಯನ್ನು ನೇರವಾಗಿಯೇ ಒತ್ತುತ್ತದೆ. ಬೆನ್ನನ್ನು ಸೀಟಿಗೆ ಆನಿಸಿ, ಇರುವ ಬಲವನ್ನೆಲ್ಲ ಹಾಕಿ, ಬೇಕಾದರೆ ಎರಡೂ ಕಾಲಿಟ್ಟು ಒತ್ತಿ ಹಿಡಿಯಬೇಕು, ಗೇರು ಇಳಿಸಬೇಕು. ಮೇಲೆ ಕೆಳಗೆ ಕುಟ್ಟಕೂಡದು, ಕುಟ್ಟಿದಷ್ಟೂ ಉಳಿದಿದ್ದ ನಿರ್ವಾತವೂ ಖಾಲಿ. ಇದೇ ಕಾರಣದಿಂದ ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸುತ್ತೇನೆಂದು ಎಂಜಿನ್ ಆರಿಸಿ ಗಾಡಿ ಬಿಡುವವರಿಗೆ ಒಂದು ಮಾತು ಹೇಳಲೇಬೇಕು. ಟರ್ಬೋ ಇರಲಿ ಬಿಡಲಿ, ಆಗ ನಿಮ್ಮ ಡಬ್ಬಿಯಲ್ಲಿರುವುದು ಎರಡು ಮೂರು ಒತ್ತಿನ ದಾಸ್ತಾನು, ಗೇರುಸೊಪ್ಪೆಯ ಘಟ್ಟದಲ್ಲಿ ಇರುವ ತಿರುವುಗಳು ಅದಕ್ಕಿಂತ ಎಷ್ಟೋ ಹೆಚ್ಚು. ಗೇರಿನಲ್ಲೇ ಇಳಿದರೆ ಥ್ರಾಟಲ್ ಮುಚ್ಚಿಯೇ ಇರುವುದರಿಂದ ನಿರ್ವಾತಕ್ಕೆ ಬರವಿಲ್ಲ, ಎಂಜಿನು ಗಾಡಿಯನ್ನು ಹಿಡಿದೂ ಕೊಡುತ್ತದೆ.

ಕಾನೂನಿನ ಕಡೆಯಿಂದಲೂ ಒಂದು ಮಾತುಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೊದಲು ತಿಳಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ನಮ್ಮ ಹುಡುಗ ಇದನ್ನು ಯಾರಲ್ಲೂ ವಿಚಾರಿಸಿರಲಿಲ್ಲ, ವಿಮೆಯವರಿಗೆ ತಿಳಿಸಿಯೂ ಇರಲಿಲ್ಲ. ಆ ಸಂಜೆ ಚರಂಡಿಯ ಬದಲು ಎದುರಿನಿಂದ ಮನುಷ್ಯರಿದ್ದ ಗಾಡಿ ಬಂದಿದ್ದರೆ ಪರಿಹಾರದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ!

ಕವಾಟವಿರುವ ಹೊಸ ಕೊಳವೆ ತರಿಸಿ ಹಾಕಿದ ಮೇಲೆ ಅದೇ ಏರಿನಲ್ಲಿ, ದನಕರು ಇಲ್ಲದ ಹೊತ್ತು ನೋಡಿ, ಅವನೂ ನಾನೂ ನಾಲ್ಕು ಸಲ ಹತ್ತಿ ಬ್ರೇಕು ಹಾಕಿ ನೋಡಿದೆವು. ನಾಲ್ಕು ಸಲವೂ ಪೆಡಲು ಮೆತ್ತಗೇ ಇತ್ತು. “ಇನ್ನು ಪರವಾಗಿಲ್ಲ ಅಲ್ವ ಮಾವ?” ಎಂದ. ಬ್ರೇಕಿನ ಮಟ್ಟಿಗೆ ಪರವಾಗಿಲ್ಲ, ನೋಂದಣಿ ಪತ್ರದ ಮಟ್ಟಿಗೆ ಏನು ಹೇಳುತ್ತೀಯೋ ಎಂದೆ. ಅಕ್ಕ ನಮ್ಮಿಬ್ಬರ ವಿಜ್ಞಾನವನ್ನೂ ಕೇಳಿಸಿಕೊಳ್ಳಲಿಲ್ಲ. ಆ ಯಂತ್ರ ಇರುವ ತನಕ ತಾನು ಬಸ್ಸಿನಲ್ಲೇ ಸೊರಬಕ್ಕೆ ಹೋಗುವುದಾಗಿ ಹೇಳಿ, ಎರಡು ವಾರ ಹಾಗೆಯೇ ಹೋದಳು. ಮೂರನೆಯ ವಾರ ಹುಡುಗ ಟರ್ಬೋ ಕಳಚಿಸಿ, ಎಂಜಿನನ್ನು ಮೊದಲಿನಂತೆ ಮಾಡಿಸಿಕೊಂಡು ಬಂದ. ಈಗ ಗೊಬ್ಬರದ ಚೀಲಗಳನ್ನು ಬೇರೆ ಗಾಡಿಯಲ್ಲಿ ಕಳಿಸುತ್ತಾನೆ, ಏರಿನಲ್ಲಿ ಎರಡನೆಯ ಗೇರು ಹಾಕಿಕೊಂಡು ನಿಧಾನವಾಗಿ ಹತ್ತುತ್ತಾನೆ.